ನೀರು ಬಿಡದ, ಹೊಟ್ಟೆ ತುಂಬುವ ಸಲಾಡ್: ಕಾಳು ನೆನೆಸುವುದರಿಂದ ಬಡಿಸುವವರೆಗೆ

ಸಲಾಡ್ ಮಾಡುವುದರಲ್ಲಿ ಏನಿದೆ, ತರಕಾರಿ ಹೆಚ್ಚಿ ಉಪ್ಪು, ನಿಂಬೆರಸ ಹಾಕಿದರಾಯಿತು ಎಂದುಕೊಂಡೇ ಎಲ್ಲರೂ ಶುರು ಮಾಡುತ್ತಾರೆ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಬಟ್ಟಲಿನ ತಳದಲ್ಲಿ ನೀರು ನಿಂತಿರುತ್ತದೆ. ಸೌತೆಕಾಯಿ ಮೆತ್ತಗಾಗಿರುತ್ತದೆ. ಮೇಲಿನ ತುತ್ತು ಸಪ್ಪೆ, ಕೆಳಗಿನದು ಉಪ್ಪುಪ್ಪು. ಹೇಗೋ ತಿಂದು ಮುಗಿಸಿದರೂ ಒಂದೇ ಗಂಟೆಗೆ ಮತ್ತೆ ಹಸಿವು. ನಾಲ್ಕನೇ ದಿನಕ್ಕೆ ಫ್ರಿಜ್‌ನಲ್ಲಿಟ್ಟ ಸೊಪ್ಪು ಕೊಳೆತು, "ನಮಗೆ ಇದೆಲ್ಲ ಒಗ್ಗುವುದಿಲ್ಲ" ಎಂಬ ತೀರ್ಮಾನಕ್ಕೂ ಬಂದಿರುತ್ತಾರೆ.

ಇಂಥ ಸಲಾಡ್‌ಗಳನ್ನು ತಿಂದು, ಮಾಡಿದವರನ್ನು ಕೂರಿಸಿಕೊಂಡು ಕೇಳಿದಾಗಲೆಲ್ಲ ಒಂದೇ ಕಾರಣ ಸಿಕ್ಕಿದೆ. ಸಾಮಾನು ಸರಿಯಾಗಿಯೇ ಇರುತ್ತದೆ, ಕೆಲಸಗಳು ಹಿಂದುಮುಂದಾಗಿರುತ್ತವೆ. ಒದ್ದೆ ಸೊಪ್ಪಿಗೆ ಎಣ್ಣೆ ಹಾಕಿರುತ್ತಾರೆ, ಹೆಚ್ಚಿದ ತಕ್ಷಣ ಉಪ್ಪು ಬೆರೆಸಿ ಊಟದ ಹೊತ್ತಿನವರೆಗೆ ಇಟ್ಟಿರುತ್ತಾರೆ, ಕಾಳಿನ ನೆನಪು ಕೊನೆಯಲ್ಲಿ ಬಂದಿರುತ್ತದೆ. ಹಾಗಾಗಿ ಇಲ್ಲಿ ಬಗೆಬಗೆಯ ರುಚಿಗಳ ಪಟ್ಟಿ ಕೊಡುವುದಿಲ್ಲ. ಒಂದೇ ಸಲಾಡನ್ನು ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಮಾಡೋಣ. ಅದು ಕೈಗೆ ಹತ್ತಿದರೆ ತರಕಾರಿ ಬದಲಾಯಿಸುವುದು ನಿಮಗೇ ಬರುತ್ತದೆ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಒಂದು ಅಗಲ ಬಾಯಿಯ ಬೋಗುಣಿ ಬೇಕು, ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಇಬ್ಬರಿಗೆ ಮಾಡುವುದಾದರೂ ಮೂರು ನಾಲ್ಕು ಲೀಟರ್ ಹಿಡಿಯುವಂಥದ್ದೇ ಇರಲಿ. ಚಿಕ್ಕ ಬಟ್ಟಲಲ್ಲಿ ಕಲಸಲು ಹೋದರೆ ಅರ್ಧ ತರಕಾರಿ ಆಚೆ ಬೀಳುತ್ತದೆ, ಉಳಿದದ್ದು ಹಿಸುಕಿದ ಹಾಗಾಗುತ್ತದೆ.

ಚಾಕು ಹರಿತವಾಗಿರಬೇಕು. ಮೊಂಡು ಚಾಕು ಟೊಮೆಟೊವನ್ನು ಕತ್ತರಿಸುವ ಬದಲು ಜಜ್ಜುತ್ತದೆ, ಜಜ್ಜಿದ ಕಡೆಯಿಂದಲೇ ರಸ ಸೋರುತ್ತದೆ. ಹಣ್ಣಾದ ಟೊಮೆಟೊ ಮೇಲೆ ಚಾಕು ಇಟ್ಟು, ಒತ್ತದೆ ಸುಮ್ಮನೆ ಎಳೆದು ನೋಡಿ. ಸಿಪ್ಪೆ ಸೀಳಿಕೊಂಡರೆ ಸರಿ, ಜಾರಿದರೆ ಮೊದಲು ಮಸೆಯಿರಿ.

ಉಳಿದಂತೆ ತೂತಿನ ಪಾತ್ರೆ ಅಥವಾ ದೊಡ್ಡ ಜರಡಿ, ಅದರ ಕೆಳಗಿಡಲು ತಟ್ಟೆ, ಒಗೆದು ಒಣಗಿಸಿದ ಎರಡು ಹತ್ತಿ ಬಟ್ಟೆ, ಬಿಗಿ ಮುಚ್ಚಳದ ಒಂದು ಸಣ್ಣ ಗಾಜಿನ ಬಾಟಲಿ. ಸೊಪ್ಪನ್ನು ಗಿರಗಿರ ತಿರುಗಿಸಿ ನೀರು ತೆಗೆಯುವ ಸ್ಪಿನ್ನರ್ ಇದ್ದರೆ ಬಳಸಿ, ಇಲ್ಲವೆಂದು ಕೊಳ್ಳಲು ಹೋಗಬೇಡಿ. ಮಾಂಸ ಕತ್ತರಿಸುವ ಮನೆಯಾದರೆ ಅದರ ಹಲಗೆ, ಚಾಕು ಬೇರೆಯೇ ಇರಲಿ. ಸಲಾಡನ್ನು ಒಲೆಯ ಮೇಲೆ ಇಡುವುದಿಲ್ಲವಾದ್ದರಿಂದ ಹಸಿ ಮಾಂಸದ ಸೂಕ್ಷ್ಮಾಣು ಅದಕ್ಕೆ ಅಂಟಿದರೆ ಸಾಯುವ ದಾರಿಯೇ ಇಲ್ಲ.

ಅಳತೆಗೆ: ಇಲ್ಲಿ ದೊಡ್ಡ ಚಮಚ ಎಂದರೆ 15 ಮಿ.ಲೀ., ಟೀ ಚಮಚ ಎಂದರೆ 5 ಮಿ.ಲೀ.

## ಹಂತ 1: ಹಿಂದಿನ ರಾತ್ರಿ ಕಾಳು ನೆನೆಸಿ

ಸಲಾಡ್ ತಿಂದ ಒಂದು ಗಂಟೆಗೆ ಹಸಿವಾಗುವುದು ಸಹಜ. ಎರಡು ಸೌತೆಕಾಯಿ, ಎರಡು ಟೊಮೆಟೊ ಹೊಟ್ಟೆಗೆ ಹೋದರೆ ಹೆಚ್ಚಾಗಿ ಹೋಗಿದ್ದು ನೀರು. ಹಸಿವು ತಡೆಯಲು ಪ್ರೋಟೀನ್, ನಾರು, ಸ್ವಲ್ಪ ಕೊಬ್ಬು ಮೂರೂ ಬೇಕು. ಇವುಗಳಲ್ಲಿ ಪ್ರೋಟೀನಿಗೇ ಹೆಚ್ಚು ಸಮಯ ಹಿಡಿಯುವುದರಿಂದ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಅರ್ಧ ಕಪ್ ಕಡಲೆಕಾಳನ್ನು ಎಂಟರಿಂದ ಹನ್ನೆರಡು ಗಂಟೆ ನೆನೆಸಿ. ಕಾಳು ಹಿಗ್ಗಿ ಸುಮಾರು ಎರಡರಷ್ಟಾಗುತ್ತದೆ, ಆದ್ದರಿಂದ ಅದರ ಮೂರು ಪಟ್ಟು ನೀರು ಹಾಕಿಡಿ. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಕುಕ್ಕರ್ ಎಷ್ಟು ಸಲ ಕೂಗಬೇಕು ಎಂಬ ಲೆಕ್ಕ ನಾನು ಕೊಡುವುದಿಲ್ಲ. ಹಳೆಯ ಕಾಳಿಗೆ ಹೆಚ್ಚು ಬೇಕು, ಹೊಸದಕ್ಕೆ ಕಡಿಮೆ ಸಾಕು. ಎರಡು ಬೆರಳ ನಡುವೆ ಹಿಸುಕಿದಾಗ ಒಳಗೆ ಗಟ್ಟಿ ತಿರುಳು ಉಳಿಯಬಾರದು, ಹಾಗೆಂದು ಸಿಪ್ಪೆ ಬಿಟ್ಟು ಮುದ್ದೆಯೂ ಆಗಬಾರದು. ಇದೇ ಗುರುತು.

ಹೆಚ್ಚಿನವರು ಇಲ್ಲಿ ಬಿಡುವ ಒಂದು ಸಣ್ಣ ಕೆಲಸವಿದೆ. ನೀರು ಬಸಿದ ಕಾಳು ಬಿಸಿಯಿರುವಾಗಲೇ ಒಂದು ಟೀ ಚಮಚ ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿಡಿ. ಬಿಸಿ ಕಾಳು ಹುಳಿ, ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲೆ ಹಾಕಿದರೆ ರುಚಿ ಮೇಲ್ಮೈಯಲ್ಲೇ ಉಳಿದು, ಕಚ್ಚಿದಾಗ ಒಳಗೆಲ್ಲ ಸಪ್ಪೆ. ಬೇಯಿಸಿದ ಆಲೂಗಡ್ಡೆಗೂ ಇದೇ ಮಾತು. ನಂತರ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ. ಬಿಸಿ ಕಾಳು ಸೊಪ್ಪಿನ ಮೇಲೆ ಬಿದ್ದರೆ ಸೊಪ್ಪು ಬಾಡುವುದು ಖಂಡಿತ.

ಒಂದು ಕಪ್ ಬೆಂದ ಕಡಲೆಕಾಳಿನಲ್ಲಿ ಸುಮಾರು 14 ಗ್ರಾಂ ಪ್ರೋಟೀನ್ ಇರುತ್ತದೆ. ಕಾಳು ಬೇಡವೆಂದರೆ ಬೇಯಿಸಿದ ಮೊಟ್ಟೆ (ಒಂದಕ್ಕೆ ಸುಮಾರು 6 ಗ್ರಾಂ), ಪನೀರ್, ತೋಫು ಯಾವುದಾದರೂ ಆಗುತ್ತದೆ. ಮೊಟ್ಟೆಯನ್ನು ಕುದಿಯುವ ನೀರಿನಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಬೇಯಿಸಿ ತಕ್ಷಣ ತಣ್ಣೀರಿಗೆ ಹಾಕಿ. ಹಳದಿಯ ಸುತ್ತ ಹಸಿರು ಉಂಗುರ ಕಂಡರೆ ಹೆಚ್ಚು ಬೆಂದಿದೆ ಎಂದರ್ಥ. ತಿನ್ನಲು ತೊಂದರೆಯಿಲ್ಲ, ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ.

ರಾಜ್ಮಾ ವಿಷಯದಲ್ಲಿ ಹುಷಾರು. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಅರೆಬೆಂದ ನಾಲ್ಕೈದು ಕಾಳು ಸಾಕು, ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆಯಾದರೂ ಕೊತಕೊತ ಕುದಿಸಬೇಕು. ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ಟರೆ ಆ ವಿಷ ಹೋಗುವುದಿಲ್ಲ. ಮೊಳಕೆ ಬರಿಸಿ ಹಸಿಯಾಗಿ ತಿನ್ನುವ ಸಾಹಸವಂತೂ ಬೇಡವೇ ಬೇಡ.

### ಮೊಳಕೆಕಾಳಿನ ಬಗ್ಗೆ ಒಂದು ಮಾತು

"ಮೊಳಕೆಕಾಳು ಹಸಿಯಾಗಿ ತಿಂದರೇ ಶಕ್ತಿ" ಎನ್ನುವವರೊಂದಿಗೆ ನನಗೆ ಸದಾ ಜಗಳ. ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವವೇ ಬ್ಯಾಕ್ಟೀರಿಯಾ ಬೆಳೆಯಲೂ ಬೇಕು. ಸಾಲ್ಮೊನೆಲ್ಲಾ, ಇ. ಕೊಲೈ ಕಾಳಿನ ಮೇಲೆಯೇ ಇದ್ದರೆ ಬಟ್ಟೆ ಕಟ್ಟಿಟ್ಟ ಒಂದು ದಿನದಲ್ಲಿ ಅವು ವಿಪರೀತ ಹೆಚ್ಚುತ್ತವೆ, ತೊಳೆದರೆ ಹೋಗುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಇ. ಕೊಲೈ ಸೋಂಕು ಹಬ್ಬಿ 50ಕ್ಕೂ ಹೆಚ್ಚು ಮಂದಿ ಸತ್ತರು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಮೊಳಕೆ ಬರಿಸಿದ ಮೆಂತ್ಯ.

ಮೊಳಕೆ ಬಿಡಿ ಎಂದು ಹೇಳುತ್ತಿಲ್ಲ. ಹೆಸರುಕಾಳಿನ ಮೊಳಕೆಯನ್ನು ಐದು ನಿಮಿಷ ಹಬೆಯಲ್ಲಿ, ಒಳಗಿನವರೆಗೆ ಬಿಸಿಯಾಗುವಂತೆ ಬೇಯಿಸಿ ಆರಿಸಿ ಹಾಕಿ, ಕಟುಮ್ ಎನ್ನುವ ಗುಣವೂ ತಕ್ಕಮಟ್ಟಿಗೆ ಉಳಿಯುತ್ತದೆ. ಗರ್ಭಿಣಿಯರು, ಸಣ್ಣ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆಯಿರುವವರು ಹಸಿ ಮೊಳಕೆ ತಿನ್ನಲೇಬಾರದು. ಮೊಳಕೆಯಿಂದ ಹುಳಿವಾಸನೆ ಬಂದರೆ, ಮುಟ್ಟಿದಾಗ ಲೋಳೆ ಅಂಟಿದರೆ ಬೇಯಿಸಿಯೂ ಉಳಿಸಿಕೊಳ್ಳಬೇಡಿ, ಎಸೆಯಿರಿ.

## ಹಂತ 2: ತೊಳೆಯಿರಿ, ಆಮೇಲೆ ಒಣಗಿಸಿ

ಹೆಚ್ಚುವ ಮೊದಲು ತೊಳೆಯಬೇಕು. ಹೆಚ್ಚಿ ತೊಳೆದರೆ ನೀರಿನಲ್ಲಿ ಕರಗುವ ವಿಟಮಿನ್ ಸಿ, ಬಿ ಗುಂಪಿನ ವಿಟಮಿನ್‌ಗಳು ಕೊಯ್ದ ಮೈಯಿಂದ ಹರಿದು ಹೋಗುತ್ತವೆ, ತರಕಾರಿ ನೀರನ್ನೂ ಕುಡಿಯುತ್ತದೆ. ಸಿಪ್ಪೆ ತೆಗೆಯುವ ತರಕಾರಿಯನ್ನೂ ತೊಳೆಯಿರಿ, ಇಲ್ಲವಾದರೆ ಹೊರಗಿನ ಮಣ್ಣನ್ನು ಚಾಕುವೇ ಒಳಕ್ಕೆ ಒಯ್ಯುತ್ತದೆ.

ಗಟ್ಟಿ ತರಕಾರಿಗೆ ಹರಿಯುವ ನೀರು, ಕೈಯಿಂದ ಉಜ್ಜುವುದು ಸಾಕು. ಸೋಪು, ಪಾತ್ರೆ ತೊಳೆಯುವ ದ್ರಾವಣ ಬೇಡ. ತರಕಾರಿಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಒಳಸೇರಿದ ಸೋಪು ಹೊರಬರುವುದಿಲ್ಲ. ಸೊಪ್ಪಿಗೆ ಕ್ರಮ ಬೇರೆ: ದೊಡ್ಡ ಪಾತ್ರೆ ತುಂಬ ನೀರಿನಲ್ಲಿ ಮುಳುಗಿಸಿ ಅಲುಗಾಡಿಸಿ, ಒಂದು ನಿಮಿಷ ಬಿಡಿ, ಮಣ್ಣು ತಳಕ್ಕೆ ಕೂರುತ್ತದೆ. ಆಮೇಲೆ ಸೊಪ್ಪನ್ನು ಮೇಲಕ್ಕೆತ್ತಬೇಕು. ಪಾತ್ರೆಯನ್ನೇ ಜರಡಿಗೆ ಬಗ್ಗಿಸಿದರೆ ತಳದಲ್ಲಿ ಕೂತ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೆಯೇ ಸುರಿಯುತ್ತದೆ. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿ, ಕೊನೆಗೊಮ್ಮೆ ಹರಿಯುವ ನೀರಿಗೆ ಹಿಡಿಯಿರಿ.

ಬಾಡಿದ ಸೊಪ್ಪು ಎಸೆಯಬೇಡಿ. ಕೊಳೆಯದೆ ಬರೀ ಜೋತುಬಿದ್ದಿದ್ದರೆ ಅದಕ್ಕೆ ನೀರು ಸಾಲದಾಗಿದೆ. ತಣ್ಣನೆ ಐಸ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಡಿ, ಜೀವಕೋಶಗಳು ನೀರು ತುಂಬಿಕೊಂಡು ಎಲೆ ಮತ್ತೆ ಸೆಟೆದು ನಿಲ್ಲುತ್ತದೆ.

ಇನ್ನು ಒಣಗಿಸುವುದು. ಈ ಹಂತವನ್ನು ಹಾರಿಸುವವರೇ ಜಾಸ್ತಿ. ನೀರಿಗೂ ಎಣ್ಣೆಗೂ ಆಗಿಬರುವುದಿಲ್ಲ. ಎಲೆಯ ಮೇಲೆ ನೀರಿನ ಪೊರೆ ಇದ್ದರೆ ನೀವು ಹಾಕಿದ ಡ್ರೆಸಿಂಗ್ (ಎಣ್ಣೆ, ಹುಳಿ, ಉಪ್ಪು ಬೆರೆಸಿದ ರಸ) ಅಂಟದೆ ಜಾರಿ ತಳ ಸೇರುತ್ತದೆ. ಸಪ್ಪೆಯಾಯಿತೆಂದು ಮತ್ತಷ್ಟು ಹಾಕುತ್ತೀರಿ, ಅದೂ ಜಾರುತ್ತದೆ. ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ, ನಾಲ್ಕೂ ಮೂಲೆ ಹಿಡಿದು ಗಂಟಿನಂತೆ ಮಾಡಿ, ತೋಳು ಬೀಸಿ ಹತ್ತು ಹನ್ನೆರಡು ಸುತ್ತು ತಿರುಗಿಸಿ (ಅಡುಗೆಮನೆಯಿಂದ ಹೊರಗೆ ಹೋಗಿ, ಗೋಡೆಯೆಲ್ಲ ಒದ್ದೆಯಾಗುತ್ತದೆ). ಬಳಿಕ ಇನ್ನೊಂದು ಒಣ ಬಟ್ಟೆಯಲ್ಲಿ ಹಗುರಾಗಿ ಒತ್ತಿ. ಅಂಗೈಯಿಂದ ಮುಟ್ಟಿದಾಗ ಕೈ ಒದ್ದೆಯಾಗಬಾರದು.

## ಹಂತ 3: ಹೆಚ್ಚುವುದು

ಚಿಕ್ಕದಾಗಿ ಹೆಚ್ಚಿದಷ್ಟೂ ಹೊರಗೆ ತೆರೆದುಕೊಳ್ಳುವ ಮೈ ಹೆಚ್ಚು, ಅಷ್ಟೇ ಬೇಗ ನೀರು. ಹಾಗಾಗಿ ನೀರಿನ ತರಕಾರಿ ದೊಡ್ಡದಾಗಿ, ಗಟ್ಟಿ ತರಕಾರಿ ಸಣ್ಣದಾಗಿ ಎಂಬುದು ಲೆಕ್ಕ. ಸೌತೆಕಾಯಿ, ಟೊಮೆಟೊ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಹೋಳುಗಳಾಗಿರಲಿ. ಕ್ಯಾರೆಟ್, ಬೀಟ್‌ರೂಟ್ ತುರಿಯಬಹುದು, ಆದರೆ ದಪ್ಪ ಕಣ್ಣಿನ ತುರಿಮಣೆಯಲ್ಲಿ. ಎಲೆಕೋಸನ್ನು ಎಷ್ಟು ಸಾಧ್ಯವೋ ಅಷ್ಟು ಎಳೆ ಎಳೆಯಾಗಿ ಕೊಯ್ಯಿರಿ, ದಪ್ಪಗಿದ್ದರೆ ಅಗಿಯುವುದರಲ್ಲೇ ಊಟ ಮುಗಿಯುತ್ತದೆ.

ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಬೀಜ ಬಲಿತಿದ್ದರೆ ಚಮಚದಿಂದ ಕೆರೆದು ತೆಗೆಯಿರಿ, ಹೆಚ್ಚು ನೀರಿರುವುದು ಅಲ್ಲೇ. ಅದಕ್ಕೂ ಮೊದಲು ತೊಟ್ಟಿನ ಕಡೆಯಿಂದ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ತೀರಾ ಕಹಿಯಿದ್ದರೆ ನುಂಗದೆ ಉಗಿದುಬಿಡಿ, ಆ ಕಾಯನ್ನು ಬಳಸಬೇಡಿ. ಅದು ಕುಕುರ್ಬಿಟಾಸಿನ್ ಎಂಬ ಅಂಶದ ಕಹಿ. ಹೆಚ್ಚು ಹೋದರೆ ಹೊಟ್ಟೆ ನುಲಿತ, ವಾಂತಿ ಬರಿಸುತ್ತದೆ. ಉಪ್ಪು, ನಿಂಬೆ ಹಾಕಿ ಕಹಿ ಮುಚ್ಚಿ ತಿನ್ನಿಸುವುದು ಸರಿಯಲ್ಲ.

ಈರುಳ್ಳಿ ತೆಳ್ಳಗೆ ಸೀಳಿ, ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು ಬಸಿಯಿರಿ. ಘಾಟು ಇಳಿಯುತ್ತದೆ, ಇಡೀ ಸಲಾಡಿಗೆ ಈರುಳ್ಳಿಯ ವಾಸನೆ ಹತ್ತುವುದಿಲ್ಲ. ಕೆಂಪು ಈರುಳ್ಳಿಯಾದರೆ ನೀರಿನ ಬದಲು ನಿಂಬೆರಸದಲ್ಲಿ ನೆನೆಸಿ ನೋಡಿ, ಹುಳಿ ತಾಗಿ ಚೆಂದದ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸೇಬು ಹಾಕುವುದಾದರೆ ಕೊನೆಗೆ ಹೆಚ್ಚಿ ತಕ್ಷಣ ನಿಂಬೆರಸ ಸವರಿ, ಕಂದಾಗುವುದಿಲ್ಲ.

## ಹಂತ 4: ಉಪ್ಪು ಹಾಕಿ ನೀರು ಇಳಿಸಿ

ಒಂದೇ ಹಂತ ಕಲಿಯುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನು ಕಲಿಯಿರಿ.

ಸೌತೆಕಾಯಿಯ ತೂಕದಲ್ಲಿ ಶೇ 95ರಷ್ಟು ನೀರು. ಟೊಮೆಟೊದಲ್ಲಿ ಶೇ 94ರ ಆಸುಪಾಸು, ಎಲೆಕೋಸಿನಲ್ಲಿ ಶೇ 92, ಕ್ಯಾರೆಟ್‌ನಲ್ಲೂ ಶೇ 88. ಕೊಯ್ದ ಮೈಗೆ ಉಪ್ಪು ತಾಗಿದರೆ ಒಳಗಿನ ನೀರು ಹೆಚ್ಚು ಉಪ್ಪಿರುವ ಕಡೆಗೆ, ಅಂದರೆ ಹೊರಗೆ, ಹರಿಯತೊಡಗುತ್ತದೆ. ಪಾಠಪುಸ್ತಕದಲ್ಲಿ ಓದಿದ ಅಭಿಸರಣ ಇದೇ. ಇದನ್ನು ತಡೆಯಲಾಗುವುದಿಲ್ಲ. ಎಲ್ಲಿ ನಡೆಯಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿದೆ: ಊಟದ ಬಟ್ಟಲಲ್ಲೋ, ಅದಕ್ಕೂ ಮುಂಚೆ ಜರಡಿಯಲ್ಲೋ.

ಸೌತೆಕಾಯಿಗೆ: 500 ಗ್ರಾಂ ಹೋಳಿಗೆ ಒಂದು ಟೀ ಚಮಚ ಉಪ್ಪು ಸವರಿ, ಜರಡಿಯಲ್ಲಿ ಹಾಕಿ ಕೆಳಗೆ ತಟ್ಟೆ ಇಡಿ. ಹದಿನೈದರಿಂದ ಇಪ್ಪತ್ತು ನಿಮಿಷ ಮುಟ್ಟಬೇಡಿ. ತಟ್ಟೆಯಲ್ಲಿ ನೀರು ಸೇರಿರುವುದನ್ನು ಕಂಡರೆ ಇಷ್ಟು ದಿನ ಬಟ್ಟಲಿನ ತಳದಲ್ಲಿ ನಿಂತಿದ್ದು ಯಾವುದೆಂದು ಗೊತ್ತಾಗುತ್ತದೆ. ಬೇಗನೆ ಒಮ್ಮೆ ತಣ್ಣೀರಿನಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಹೋಳು ಮೆತ್ತಗಾಗುವ ಬದಲು ಬಿಗಿಯಾಗಿ, ಕಚ್ಚಿದರೆ ಕರಕರ ಎನ್ನುವಂತಿರುತ್ತದೆ.

ಟೊಮೆಟೊಗೆ: ಬೀಜದ ಲೋಳೆಯನ್ನು ಬೇರೆ ಮಾಡಿ, ಹೋಳಿಗೆ ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಜರಡಿಯಲ್ಲಿಡಿ. ಜಾಲಿಸಬೇಡಿ. ಇಳಿದ ರಸ, ಬೀಜದ ಲೋಳೆ ಎರಡನ್ನೂ ಎಸೆಯಬೇಡಿ, ಟೊಮೆಟೊದ ರುಚಿಯ ದೊಡ್ಡ ಪಾಲು ಅದರಲ್ಲೇ ಇದೆ. ಸೋಸಿ ಒಂದೆರಡು ಚಮಚ ಡ್ರೆಸಿಂಗಿಗೆ ಸೇರಿಸಬಹುದು, ಆಗ ಡ್ರೆಸಿಂಗಿನ ಉಪ್ಪು ಕಡಿಮೆ ಮಾಡಿ.

ಎಲೆಕೋಸಿಗೆ: ಅರ್ಧ ಟೀ ಚಮಚ ಉಪ್ಪು ಹಾಕಿ ಎರಡು ನಿಮಿಷ ಕೈಯಿಂದ ಹಿಚುಕಿ. ಬಿರುಸು ಹೋಗಿ ಬಾಗುವಂತಾಗುತ್ತದೆ, ಅರ್ಧದಷ್ಟಕ್ಕೆ ಇಳಿಯುತ್ತದೆ. ಹಿಂಡಿ ತೆಗೆಯಿರಿ.

ಕ್ಯಾರೆಟ್, ದಪ್ಪ ಮೆಣಸಿನಕಾಯಿ, ಬೀನ್ಸ್‌ಗೆ ಇದೇನೂ ಬೇಡ. ಸೊಪ್ಪಿಗೆ ಮಾತ್ರ ಈ ಹಂತದಲ್ಲಿ ಉಪ್ಪು ತಾಗಲೇಬಾರದು.

ಉಪ್ಪು ಜಾಸ್ತಿ ಹೋಗುವುದಿಲ್ಲವೇ ಎಂದು ಕೇಳುತ್ತಾರೆ. ಒಂದಷ್ಟು ನೀರಿನ ಜೊತೆ ಹರಿದು ಹೋಗುತ್ತದೆ, ಜಾಲಿಸಿದಾಗ ಇನ್ನಷ್ಟು ಹೋಗುತ್ತದೆ, ಆದರೂ ಸ್ವಲ್ಪ ಉಳಿಯುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ರಕ್ತದೊತ್ತಡ ಇರುವವರು ಈ ಹಂತ ಬಿಟ್ಟು, ಬೀಜ ತೆಗೆದು ದೊಡ್ಡದಾಗಿ ಹೆಚ್ಚಿ, ತಟ್ಟೆಗೆ ಬಡಿಸಿದ ಮೇಲೆ ಚೂರು ಉಪ್ಪು ಉದುರಿಸಿಕೊಂಡು ತಕ್ಷಣ ತಿನ್ನಲಿ. ನೀರು ಬಿಡುವಷ್ಟು ಹೊತ್ತು ಕೊಡದಿದ್ದರೆ ಬಿಡುವುದಿಲ್ಲ.

## ಹಂತ 5: ಡ್ರೆಸಿಂಗ್ ಬಾಟಲಿಯಲ್ಲಿ ಮಾಡಿ

ಎಣ್ಣೆ ಮೂರು ಪಾಲು, ಹುಳಿ ಒಂದು ಪಾಲು ಎಂಬುದು ಎಲ್ಲೆಡೆ ಸಿಗುವ ಲೆಕ್ಕ. ನನಗೆ ಅದು ಜಿಡ್ಡು ಅನ್ನಿಸುತ್ತದೆ, ಕಾಳು ಹಾಕಿದ ಸಲಾಡಿಗಂತೂ ಅಷ್ಟು ಹುಳಿ ಸಾಲದು. ಎರಡಕ್ಕೆ ಒಂದು ಎಂದು ಶುರು ಮಾಡಿ, ರುಚಿ ನೋಡಿ ಹೊಂದಿಸಿಕೊಳ್ಳಿ.

ಇಬ್ಬರಿಗೆ: ಎರಡು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ ಅಥವಾ ವಿನೆಗರ್, ಕಾಲು ಟೀ ಚಮಚ ಉಪ್ಪು, ಕುಟ್ಟಿದ ಕಾಳುಮೆಣಸು, ಅರ್ಧ ಟೀ ಚಮಚ ಅರೆದ ಸಾಸಿವೆ.

ಉಪ್ಪನ್ನು ಮೊದಲು ನಿಂಬೆರಸದಲ್ಲಿ ಕರಗಿಸಿ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಎಲ್ಲ ಒಟ್ಟಿಗೆ ಹಾಕಿದರೆ ಹರಳು ಹರಳಾಗಿ ಬಾಯಿಗೆ ಸಿಗುತ್ತದೆ. ಆಮೇಲೆ ಸಾಸಿವೆ, ಕೊನೆಗೆ ಎಣ್ಣೆ. ಮುಚ್ಚಳ ಹಾಕಿ ಅರ್ಧ ನಿಮಿಷ ಜೋರಾಗಿ ಕುಲುಕಿ. ಸಾಸಿವೆ ಎಣ್ಣೆ ಮತ್ತು ಹುಳಿಯನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ಜೇನುತುಪ್ಪವೂ ತಕ್ಕಮಟ್ಟಿಗೆ ಆ ಕೆಲಸ ಮಾಡುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಕೊಡುವುದಾದರೆ ಜೇನು ಹಾಕಲೇಬೇಡಿ.

ರುಚಿ ನೋಡಲು ಬೆರಳು ಅದ್ದಿ ನೆಕ್ಕಬೇಡಿ. ಬರೀ ಡ್ರೆಸಿಂಗ್ ಯಾವಾಗಲೂ ಹೆಚ್ಚು ಹುಳಿ, ಹೆಚ್ಚು ಉಪ್ಪು ಅನ್ನಿಸುತ್ತದೆ. ಒಂದು ಎಲೆಯನ್ನು ಅದ್ದಿ ತಿನ್ನಿ, ಸರಿಯಾದ ಅಂದಾಜು ಸಿಗುತ್ತದೆ.

"ಆರೋಗ್ಯಕ್ಕೆಂದೇ ಸಲಾಡ್, ಅದಕ್ಕೂ ಎಣ್ಣೆಯೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್, ಟೊಮೆಟೊದ ಲೈಕೊಪಿನ್, ಸೊಪ್ಪಿನ ವಿಟಮಿನ್ ಕೆ ಎಲ್ಲವೂ ಕೊಬ್ಬಿನಲ್ಲಿ ಕರಗುವಂಥವು. ಜೊತೆಗೆ ಸ್ವಲ್ಪವೂ ಕೊಬ್ಬಿಲ್ಲದಿದ್ದರೆ ದೇಹಕ್ಕೆ ಹತ್ತುವುದು ಬಲು ಕಡಿಮೆ. ಎಣ್ಣೆ ಬೇಡವಾದರೆ ಶೇಂಗಾ, ಎಳ್ಳು, ಬೆಣ್ಣೆಹಣ್ಣು ಯಾವುದಾದರೂ ಇರಲಿ. ನಿಂಬೆರಸಕ್ಕೂ ರುಚಿಯಾಚೆ ಒಂದು ಕೆಲಸವಿದೆ: ಅದರ ವಿಟಮಿನ್ ಸಿ ಇಂದಾಗಿ ಕಾಳು, ಸೊಪ್ಪಿನ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ.

## ಹಂತ 6: ಕಲಸುವುದು

ಊಟಕ್ಕೆ ಕೂರುವವರು ಕೈ ತೊಳೆಯಲು ಎದ್ದ ಮೇಲೆಯೇ ಇದನ್ನು ಶುರು ಮಾಡಿ. ಒಮ್ಮೆ ಇಪ್ಪತ್ತು ಜನರ ಊಟಕ್ಕೆಂದು ಬೆಳಿಗ್ಗೆಯೇ ಕಲಸಿಟ್ಟು, ಮಧ್ಯಾಹ್ನ ಸೌಟಿನಲ್ಲಿ ಬಡಿಸಬೇಕಾಗಿ ಬಂದದ್ದನ್ನು ನಾನಿನ್ನೂ ಮರೆತಿಲ್ಲ.

1. ಬೋಗುಣಿಗೆ ಆರಿದ ಕಾಳು, ಕ್ಯಾರೆಟ್, ಎಲೆಕೋಸಿನಂಥ ಗಟ್ಟಿ ಸಾಮಾನು ಹಾಕಿ. ಬಾಟಲಿ ಇನ್ನೊಮ್ಮೆ ಕುಲುಕಿ, ಡ್ರೆಸಿಂಗಿನ ಮೂರರಲ್ಲಿ ಎರಡು ಪಾಲು ಸುರಿದು ಕಲಸಿ. ಇವು ಐದಾರು ನಿಮಿಷ ನೆನೆದರೆ ಇನ್ನೂ ಒಳ್ಳೆಯದು.
2. ನೀರು ಇಳಿಸಿದ ಸೌತೆಕಾಯಿ, ಟೊಮೆಟೊ ಸೇರಿಸಿ ಒಂದೆರಡು ಸಲ ಮೇಲೆ ಕೆಳಗೆ ಮಾಡಿ.
3. ಕಟ್ಟಕಡೆಗೆ ಒಣ ಸೊಪ್ಪು, ಕೈಯಿಂದ ಹರಿದು ಹಾಕಿದ ಪುದೀನ ಅಥವಾ ಕೊತ್ತಂಬರಿ. ಉಳಿದ ಡ್ರೆಸಿಂಗನ್ನು ಬೋಗುಣಿಯ ಅಂಚಿಗೆ ಸುತ್ತಲೂ ಸುರಿದು, ಎರಡೂ ಕೈಯಿಂದ ತಳದಿಂದ ಮೇಲಕ್ಕೆತ್ತಿ ಬಿಡುತ್ತಾ ಬನ್ನಿ. ಸೌಟು ಹಾಕಿ ತಿರುವಬೇಡಿ.

ಸೊಪ್ಪು ಕೊನೆಗೇ ಏಕೆ? ಎಲೆಯ ಮೇಲೆ ಮೇಣದಂಥ ಪೊರೆಯಿದೆ. ನೀರು, ವಿನೆಗರ್ ಅದರ ಮೇಲೆ ಜಾರುತ್ತವೆ. ಎಣ್ಣೆ ಹಾಗಲ್ಲ, ಪೊರೆ ದಾಟಿ ಒಳಗಿಳಿದು ಎಲೆಯನ್ನು ಕಪ್ಪಗೆ, ಜೋಲು ಜೋಲಾಗಿ ಮಾಡುತ್ತದೆ. ಸೊಪ್ಪು ಬಾಡಿಸುವುದು ಹುಳಿ ಎಂದು ದೂರುವವರು ಒಮ್ಮೆ ಎರಡು ಎಲೆಗಳಿಗೆ ಬೇರೆ ಬೇರೆಯಾಗಿ ಸವರಿಟ್ಟು ನೋಡಲಿ.

ಕಲಸಿದ ಮೇಲೆ ಎಲೆ ಹೊಳೆಯಬೇಕು, ತಳದಲ್ಲಿ ಡ್ರೆಸಿಂಗ್ ನಿಂತಿರಬಾರದು. ನಿಂತಿದ್ದರೆ ನೀವು ಹೆಚ್ಚು ಹಾಕಿದ್ದೀರಿ, ಇಲ್ಲವೇ ಹಂತ 2ರಲ್ಲಿ ಒಣಗಿಸಿಲ್ಲ.

ಹುರಿದ ಶೇಂಗಾ, ಎಳ್ಳು, ಕುಂಬಳಬೀಜ, ಹುರಿದ ಬ್ರೆಡ್ಡಿನ ತುಂಡುಗಳಂಥ ಗರಿಗರಿ ಸಾಮಾನು ತಟ್ಟೆಗೆ ಬಡಿಸಿದ ಮೇಲೆ ಉದುರಿಸಿ.

## ಇಬ್ಬರ ಪೂರ್ತಿ ಊಟಕ್ಕೆ ಒಂದು ಅಳತೆ

ಬೆಂದ ಕಡಲೆಕಾಳು ಒಂದೂಕಾಲು ಕಪ್ (ಅರ್ಧ ಕಪ್ ಒಣ ಕಾಳಿನಿಂದ ಹೆಚ್ಚುಕಡಿಮೆ ಇಷ್ಟಾಗುತ್ತದೆ), ಸೌತೆಕಾಯಿ 250 ಗ್ರಾಂ, ಟೊಮೆಟೊ 150 ಗ್ರಾಂ, ಕ್ಯಾರೆಟ್ 100 ಗ್ರಾಂ, ಲೆಟ್ಯೂಸ್ ಅಥವಾ ಎಳೆಯ ಪಾಲಕ್ ಎರಡು ದೊಡ್ಡ ಹಿಡಿ, ಅರ್ಧ ಈರುಳ್ಳಿ, ಹುರಿದ ಶೇಂಗಾ ಎರಡು ದೊಡ್ಡ ಚಮಚ, ಮೇಲೆ ಹೇಳಿದ ಡ್ರೆಸಿಂಗ್. ಸೌತೆಕಾಯಿಗೆ ಇಲ್ಲಿ ಅರ್ಧ ಟೀ ಚಮಚ ಉಪ್ಪು ಸಾಕು. ಕಾಳಿಗೂ ಸೌತೆಕಾಯಿಗೂ ಆಗಲೇ ಉಪ್ಪು ಬಿದ್ದಿರುವುದರಿಂದ ಡ್ರೆಸಿಂಗಿನ ಉಪ್ಪನ್ನು ಮೊದಲ ಸಲ ಅರ್ಧ ಮಾತ್ರ ಹಾಕಿ ನೋಡಿ.

ಕಾಳು ಬೆಂದಿದ್ದರೆ ಉಳಿದ ಕೆಲಸಕ್ಕೆ ಅರ್ಧ ಗಂಟೆ. ಸೌತೆಕಾಯಿಯನ್ನು ಮೊದಲು ಹೆಚ್ಚಿ ಉಪ್ಪು ಹಾಕಿಟ್ಟುಬಿಡಿ. ಅದು ನೀರು ಇಳಿಸುವ ಇಪ್ಪತ್ತು ನಿಮಿಷದಲ್ಲಿ ಸೊಪ್ಪು ಒಣಗಿಸುವುದು, ಕ್ಯಾರೆಟ್ ತುರಿಯುವುದು, ಡ್ರೆಸಿಂಗ್ ಕುಲುಕುವುದು ಎಲ್ಲ ಮುಗಿಯುತ್ತದೆ.

## ಕೆಟ್ಟರೆ ಏನು ಮಾಡುವುದು

ಆಗಲೇ ನೀರು ನಿಂತಿದೆ: ಜರಡಿಗೆ ಸುರಿದು ಎರಡು ನಿಮಿಷ ಬಸಿಯಿರಿ. ಉಪ್ಪು, ಹುಳಿ ನೀರಿನ ಜೊತೆ ಹೋಗಿರುತ್ತದೆ, ರುಚಿ ನೋಡಿ ಮತ್ತೆ ಹಾಕಿ. ಒಂದು ಹಿಡಿ ಬೆಂದ ಕಾಳನ್ನು ಅರೆಬರೆ ಜಜ್ಜಿ ಬೆರೆಸಿದರೆ ಉಳಿದ ನೀರನ್ನು ಅದು ಎಳೆದುಕೊಳ್ಳುತ್ತದೆ.

ಉಪ್ಪು ಹೆಚ್ಚಾಗಿದೆ: ನೀರು ಹಾಕಬೇಡಿ, ನಿಂಬೆ ಹಿಂಡಿ ಮುಚ್ಚಲೂ ಹೋಗಬೇಡಿ. ಉಪ್ಪಿಲ್ಲದ ಕಾಳು, ತುರಿದ ಕ್ಯಾರೆಟ್, ಬೇಯಿಸಿದ ಆಲೂಗಡ್ಡೆ ಸೇರಿಸಿ ಹೆಚ್ಚಿಸಿಕೊಳ್ಳಿ.

ಹುಳಿ ಹೆಚ್ಚಾಗಿದೆ: ಇನ್ನೊಂದು ಚಮಚ ಎಣ್ಣೆ ಅಥವಾ ಚೂರು ಜೇನು. ದಾಳಿಂಬೆ, ದ್ರಾಕ್ಷಿಯಂಥ ಸಿಹಿ ಹಣ್ಣೂ ಸರಿದೂಗಿಸುತ್ತದೆ.

ಎಲ್ಲ ಸರಿಯಿದ್ದೂ ಸಪ್ಪೆ: ಫ್ರಿಜ್‌ನಿಂದ ತೆಗೆದ ಕೂಡಲೇ ತಿನ್ನುತ್ತಿದ್ದೀರಾ? ತಣ್ಣಗಿರುವಾಗ ನಾಲಿಗೆಗೆ ರುಚಿ ಮಂದ. ಹತ್ತು ನಿಮಿಷ ಹೊರಗಿಟ್ಟು ನೋಡಿ. ಆಗಲೂ ಸಪ್ಪೆಯಾದರೆ ಬೇಕಿರುವುದು ಸಾಮಾನ್ಯವಾಗಿ ಹುಳಿ, ಉಪ್ಪಲ್ಲ.

## ಎಚ್ಚರ ವಹಿಸಬೇಕಾದವರು

ನಾರು ಹೆಚ್ಚು ತಿಂದು ರೂಢಿಯಿಲ್ಲದವರು ಮೊದಲ ದಿನವೇ ದೊಡ್ಡ ಬಟ್ಟಲು ತಿಂದರೆ ಹೊಟ್ಟೆ ಉಬ್ಬರ ಗ್ಯಾರಂಟಿ. ಚಿಕ್ಕ ಬಟ್ಟಲಿನಿಂದ ಶುರು ಮಾಡಿ, ಒಂದೆರಡು ವಾರದಲ್ಲಿ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಏರಿಸಬಾರದು, ಇಳಿಸಲೂಬಾರದು. ಸೊಪ್ಪಿನ ವಿಟಮಿನ್ ಕೆ ಆ ಔಷಧದ ವಿರುದ್ಧ ಕೆಲಸ ಮಾಡುವುದರಿಂದ ವೈದ್ಯರನ್ನು ಕೇಳಿಯೇ ಬದಲಾಯಿಸಿ. ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿಸಿಕೊಂಡವರಿಗೂ ಇದೇ ಮಾತು. ಶೇಂಗಾ, ಎಳ್ಳು, ಸಾಸಿವೆ ಅಲರ್ಜಿ ಇದೆಯೇ ಎಂದು ಬಡಿಸುವ ಮೊದಲೇ ಕೇಳಿ. ಕಲಸಿದ ಮೇಲೆ ಹೆಕ್ಕಿ ತೆಗೆದರೆ ಪ್ರಯೋಜನವಿಲ್ಲ.

## ಡಬ್ಬಿಗೆ ತುಂಬುವುದು, ಉಳಿದದ್ದು ಇಡುವುದು

ಕೆಲಸಕ್ಕೆ ಒಯ್ಯುವವರು ಕಲಸುವ ಕ್ರಮವನ್ನು ಡಬ್ಬಿಯಲ್ಲೇ ಪದರ ಪದರವಾಗಿ ಇಡಬೇಕು. ಎತ್ತರದ ಡಬ್ಬಿಯ ತಳಕ್ಕೆ ಡ್ರೆಸಿಂಗ್, ಅದರ ಮೇಲೆ ಕಾಳು ಮತ್ತು ಕ್ಯಾರೆಟ್, ಆಮೇಲೆ ಸೌತೆಕಾಯಿ, ಎಲ್ಲಕ್ಕಿಂತ ಮೇಲೆ ಸೊಪ್ಪು. ಟೊಮೆಟೊ ಹೆಚ್ಚದೆ ಇಡೀ ಚಿಕ್ಕ ಹಣ್ಣೇ ಹಾಕಿದರೆ ವಾಸಿ. ಶೇಂಗಾ ಬೇರೆ ಪೊಟ್ಟಣದಲ್ಲಿ. ಡಬ್ಬಿ ನೆಟ್ಟಗೆ ನಿಂತಿರುವವರೆಗೆ ಎಲೆಗೆ ಎಣ್ಣೆ ತಾಗುವುದಿಲ್ಲ, ತಿನ್ನುವಾಗ ದೊಡ್ಡ ತಟ್ಟೆಗೆ ಮಗುಚಿದರೆ ತಾನಾಗಿ ಬೆರೆಯುತ್ತದೆ. ಬ್ಯಾಗಿನಲ್ಲಿ ಅಡ್ಡ ಮಲಗಿಸಿದರೆ ಈ ಶ್ರಮವೆಲ್ಲ ವ್ಯರ್ಥ.

ಬೆಂದ ಕಾಳು, ಮೊಟ್ಟೆ, ಪನೀರ್ ಇರುವ ಸಲಾಡ್ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸೆಕೆಯ ದಿನ ಒಂದೇ ಗಂಟೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಚುರುಕಾಗಿ ಬೆಳೆಯುತ್ತವೆ. ಫ್ರಿಜ್‌ನಲ್ಲಿ ಬೆಂದ ಕಾಳು ಮೂರು ನಾಲ್ಕು ದಿನ, ತೊಳೆದು ಪೂರ್ತಿ ಒಣಗಿಸಿದ ಸೊಪ್ಪು ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ದಿನ ಇರುತ್ತದೆ. ಕಲಸಿದ ಸಲಾಡ್ ಉಳಿದರೆ ಮರುದಿನ ತಿಂದು ಮುಗಿಸಿ. ಸೊಪ್ಪು ಬಾಡಿ ನೋಡಲು ಚೆನ್ನಾಗಿರುವುದಿಲ್ಲ, ಅದನ್ನು ಗಟ್ಟಿ ಮೊಸರಿನಲ್ಲಿ ಕಲಸಿ ಚಪ್ಪಟೆ ರೊಟ್ಟಿಯೊಳಗೆ ಸುತ್ತಿದರೆ ಯಾರೂ ಗುರುತು ಹಿಡಿಯುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಹುಳಿ ನಾತ ಬಂದರೆ, ಎಲೆಗಳ ನಡುವೆ ಲೋಳೆ ಕಂಡರೆ, ಕಾಳಿನ ಸುತ್ತ ನೊರೆ ಇದ್ದರೆ ರುಚಿ ನೋಡಲೂ ಹೋಗದೆ ಕಸದ ಬುಟ್ಟಿಗೆ ಹಾಕಿ.